ಮಾಸ್ತರರಿಗೆ ನಾನು ಓದಿದ ಸಾಲು

ನಮ್ಮ ಬಣ್ಣದ ಮಾಸ್ತರರ ಕಣ್ಣಿಗೆ ರೆಪ್ಪೆಗೂದಲೇ ಇರಲಿಲ್ಲ. ಮಾತಾಡುವಾಗ ಅವರು ನಮ್ಮನ್ನು ನೋಡುತ್ತಿದ್ದಾರೋ, ನಮ್ಮ ಹಿಂದೆ ನಿಂತ ಯಾರನ್ನೋ ನೋಡುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ವಡಗಾವಿಯಲ್ಲಿ ನೂಲಿಗೆ ಬಣ್ಣ ಹಾಕುವ ಅವರ ಮನೆಯಲ್ಲಿ ನಾನು ಆರು ವರ್ಷ ದುಡಿದೆ. ತಮಗೆ ಅಕ್ಷರ ಬಾರದಿದ್ದರೂ ಮೂವತ್ತರ ನನ್ನನ್ನು ಸಂಜೆಯ ಶಾಲೆಗೆ ನೂಕಿದವರು ಅವರೇ. “ಮೀಸಿ ಹಣ್ಣಾಗೂದ್ರಾಗ ಒಂದ್ ಹಾಳಿ ಓದಿ ತೋರಸೋ ಮಾರಾಯಾ” ಎಂದು ಕಾಡುತ್ತಿದ್ದರು.

ಒಳಕೋಣೆಯಲ್ಲಿ ಅವರ ಹೆಂಡತಿಯ ಕೈಮಗ್ಗವಿತ್ತು. ನೇಯುವವರು ಇಳಿದು ಕೂರುವ ಕುಣಿಗೆ ಹಲಗೆ ಮುಚ್ಚಿದ್ದರು. ನಾನು ಬರುವ ಮೊದಲು ಒಂದು ದಿನ, ಬಾಜು ಮನೆಯಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ತೊಟ್ಟಿಗೆ ಯಾರೋ ಆಸಿಡ್ ಸುರಿದಿದ್ದರಂತೆ. ಹಳದಿ ಹೊಗೆ ಒಳಗೆ ಬಂತು. ಒಲೆಯ ಹೊಗೆಯಂತೆ ಇದೂ ಮೇಲೇರುತ್ತದೆಂದು ಮಾಸ್ತರರು ಹೆಂಡತಿಯನ್ನು ಕುಣಿಯಲ್ಲೇ ಕೂಡಿಸಿ, ನೆರೆಯವರನ್ನು ಕರೆಯಲು ಓಡಿದರು. ಮರಳಿ ಬಂದಾಗ ಆಕೆ ಕೂತಲ್ಲೇ ಜೀವ ಬಿಟ್ಟಿದ್ದಳು.

ದಿನಾ ಬೆಳಿಗ್ಗೆ ಮಾಸ್ತರರು ಆ ಹಲಗೆಯನ್ನು ಎರಡು ಸಲ ತಟ್ಟಿ ಕಿವಿಗೊಡುತ್ತಿದ್ದರು. ಒಮ್ಮೊಮ್ಮೆ “ಹೂಂ” ಎನ್ನುತ್ತಿದ್ದರು. ಆಮೇಲೆಯೇ ಒಲೆ ಹಚ್ಚುವುದು.

ಒಂದು ರಜೆಯ ದಿನ ನಾನು ಅವರನ್ನು ಖಾನಾಪುರಕ್ಕೆ ಕರೆದೊಯ್ದೆ. ಅಲ್ಲಿನ ವಿಡಿಯೋ ಹಾಲಿನಲ್ಲಿ ಪರದೇಶದ ಯುದ್ಧದ ಸಿನಿಮಾ ಹಾಕಿದ್ದರು. ವಿಮಾನಗಳು ವಿಷಗಾಳಿ ಬಿಟ್ಟು ಹೋಗುತ್ತವೆ. ಊರೆಲ್ಲ ನೆಲಮನೆಗಳಿಗೆ ಇಳಿಯುತ್ತದೆ. ಒಬ್ಬ ತಾಯಿ ಮಾತ್ರ ಗಂಡನನ್ನೂ ಮಕ್ಕಳನ್ನೂ ಮಾಳಿಗೆಯ ಮೇಲಕ್ಕೆ ಎಳೆದೊಯ್ಯುತ್ತಾಳೆ. ಕೊನೆಗೆ ಉಳಿಯುವುದು ಆ ಒಂದೇ ಮನೆ. ಕೆಳಗೆ ಓಣಿಯಲ್ಲಿ ನಾಯಿಯ ಸದ್ದೂ ಇಲ್ಲ.

ಸಿನಿಮಾ ಮುಗಿದರೂ ಮಾಸ್ತರರು ಏಳಲಿಲ್ಲ.

“ಮ್ಯಾಲ ಹೋದವರು ಹೆಂಗ ಉಳದ್ರೋ?”

“ಸಿನಿಮಾ ಐತ್ರೀ ಅದು. ಏನರ ತೋರಸ್ತಾರ.”

“ನಿನ್ನ ಪುಸ್ತಕದಾಗ ಖರೇ ಬರದಿರತಾರಲ್ಲ? ಅಕಿನ್ನ ನಾನ ಕೊಂದ್ನೋ ಇಲ್ಲೋ, ಓದಿ ಹೇಳು.”

ಮರುದಿನ ವಿಜ್ಞಾನದ ಪುಸ್ತಕ ಹಿಡಿದು ಅವರೆದುರು ಕೂತೆ. ಬ್ಲೀಚಿಂಗ್ ಪುಡಿಗೆ ಆಸಿಡ್ ಬಿದ್ದಾಗ ಏಳುವ ಆ ಹಳದಿ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ ಎಂದು ಅಚ್ಚಾಗಿತ್ತು. “ಈ ಅನಿಲ ಎಲ್ಲ ಕಡೆ ಒಂದೇ ಸಮ ಹರಡುತ್ತದೆ” ಎಂದು ಓದಿದೆ.

“ಇನ್ನೊಮ್ಮೆ ಓದು.”

“ಈ ಅನಿಲ… ಮೇಲೂ ಕೆಳಗೂ ಸಮನಾಗಿ ತುಂಬುತ್ತದೆ.”

“ಅಚ್ಚಿನ ಅಕ್ಷರ ಎರಡನೇ ಸಲಕ್ಕ ಬದಲ ಆಗತಾವೇನೋ?” ಅವರಿಗೆ ಸಿಟ್ಟು ಬಂದಿರಲಿಲ್ಲ. “ಬರದದ್ದ ಓದಪಾ.”

ಓದಿದೆ. ಅವರು ನನ್ನ ಹಿಂದಿನ ಗೋಡೆಯತ್ತ ನೋಡುತ್ತ ಹೇಳಿದರು.

“ಅಕಿ ಮ್ಯಾಲ ಬರತೇನಿ ಅಂದಿದ್ಲು. ನಾನ ಭುಜ ಒತ್ತಿ ಕುಂದರಿಸಿದೆ.”

ಆ ವಾರದಿಂದ ಅವರು ನನ್ನನ್ನು ಕರೆದುಕೊಂಡು ಓಣಿಯ ಒಂದೊಂದೇ ಬಣ್ಣದ ಮನೆಗೆ ಹೋಗತೊಡಗಿದರು. ಮೊದಲು ನಾನು ಆ ಸಾಲು ಓದಬೇಕು. ಆಮೇಲೆ ಅವರು ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದರು: “ನಾ ನನ್ನ ಹೇಣ್ತಿನ್ನ ಕೆಳಗ ಕೂಡಿಸಿ ಕೊಂದೇನಿ. ಹೊಗಿ ಬಂದ್ರ ನೀವು ಮಾಳಿಗಿ ಹತ್ರಿ.” ಆ ರೆಪ್ಪೆಗೂದಲಿಲ್ಲದ ಕಣ್ಣುಗಳನ್ನು ಕಂಡು ಹೆಂಗಸರು ಮಕ್ಕಳನ್ನು ಒಳಗೆಳೆದುಕೊಳ್ಳುತ್ತಿದ್ದರು.

ಮೂರು ಮನೆ ಬಾಕಿ ಇರುವಾಗ ಮಾಸ್ತರರು ತೀರಿಕೊಂಡರು. ಮಣ್ಣು ಕೊಟ್ಟ ಮರುದಿನ ಆ ಮೂರು ಮನೆಗಳಿಗೆ ನಾನೊಬ್ಬನೇ ಹೋದೆ. ಸಾಲು ಓದಿ, ಅವರ ಮಾತನ್ನೂ ಅವರು ಹೇಳುತ್ತಿದ್ದಂತೆಯೇ ಹೇಳಿದೆ.

ಕೊನೆಯ ಮನೆಯ ಅಜ್ಜಿ ನನ್ನನ್ನೇ ದಿಟ್ಟಿಸಿದಳು. “ನಿನಗಿನ್ನೂ ಮದವೀನ ಆಗಿಲ್ಲಲ್ಲೋ ತಮ್ಮಾ?”

ಪುಸ್ತಕ ತೆರೆದು, ಒಂದಕ್ಷರ ಬದಲಿಸದೆ, ಇನ್ನೊಮ್ಮೆ ಓದಿದೆ.