ಜೂಟರ್‌ಮೀರಿನಲ್ಲಿ ಒಂದು, ಎರಡು, ಮೂರು

ಜೂನ್ ಕೊನೆಯ ಭಾನುವಾರ ಬೆಳಿಗ್ಗೆ ಹೂಫ್‌ಡಾರ್ಪ್ ಸ್ಟೇಷನ್ನಿನಲ್ಲಿ ನಾವು ಮೂವರು ಲೈಡನ್ ಕಡೆಯ ರೈಲಿಗೆ ಕಾಯುತ್ತಿದ್ದೆವು. ನಾನು, ನನ್ನ ಮಗ ತೇಜಸ್, ಅವನ ಗೆಳೆಯ ರೂಬೆನ್. ಹೋಗಬೇಕಾಗಿದ್ದುದು ಜೂಟರ್‌ಮೀರಿಗೆ, ಬೇಸ್‌ಬಾಲ್ ಪಂದ್ಯಕ್ಕೆ. ಬೇಸಿಗೆ ಎಂದು ಕರೆಸಿಕೊಳ್ಳುವ ಈ ಡಚ್ ನಾಡಿನ ಜೂನ್ ತಿಂಗಳಲ್ಲಿ ನಾನು ಸ್ವೆಟರ್ ಹಾಕಿಕೊಂಡು, ಹೆಂಡತಿ ರೇಖಾ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಬೆಚ್ಚಗೆ ನಿಂತಿದ್ದೆ. ಆದರೆ ಒಳಗಿನ ನಡುಕ ಚಳಿಯದಾಗಿರಲಿಲ್ಲ.

ನಾನು ಹುಟ್ಟಾ ಪುಕ್ಕಲ. ಮೈಸೂರಿನಲ್ಲಿದ್ದಾಗ ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲಿ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದವನು. ಇಲ್ಲಿಗೆ ಬಂದು ಮನೆ ಮಾಡಿದ್ದು ಒಂದು ಸಣ್ಣ ಬೇಸ್‌ಬಾಲ್ ಕ್ಲಬ್ಬಿನ ಮೈದಾನದ ಹಿಂದೆ. ಮಗ ಅಲ್ಲಿಗೆ ಆಡಲು ಹೋದ, ನಾನು ನೋಡಲು ಹೋದೆ, ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು. ದೊಡ್ಡ ಲೀಗ್ ಏನಲ್ಲ. ಆಡುವವರೇ ಕ್ಲಬ್ಬಿಗೆ ಚಂದಾ ಕೊಟ್ಟು ಆಡುತ್ತಾರೆ. ನೋಡುವವರೆಂದರೆ ಕೆಲವು ಅಪ್ಪ ಅಮ್ಮಂದಿರು, ನಾಯಿ ಕಟ್ಟಿಕೊಂಡು ಬರುವ ಇಬ್ಬರು ಮುದುಕರು, ಮತ್ತು ನಾನು.

ಕ್ರಿಕೆಟ್ ಬಲ್ಲವರಿಗೆ ಆಟವನ್ನು ಹೀಗೆ ಹೇಳಬಹುದು. ಪಿಚರ್ ಎಂದರೆ ಬೌಲರ್. ಚೆಂಡು ಹೊಡೆದವನು ನಾಲ್ಕು ಮೂಲೆಯ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾ ಓಡಬೇಕು, ಎರಡನೇ ಬೇಸ್ ಇರುವುದು ಪಿಚರ್‌ನ ಬೆನ್ನ ಹಿಂದೆ. ಬ್ಯಾಟ್ ಹಿಡಿದವನ ಬೆನ್ನ ಹಿಂದೆ ಮುಖವಾಡ ತೊಟ್ಟು ಕುಕ್ಕರುಗಾಲಿನಲ್ಲಿ ಕೂರುವ ಕ್ಯಾಚರ್ ನಮ್ಮ ವಿಕೆಟ್ ಕೀಪರ್ ಇದ್ದಂತೆ. ಮುಂದಿನ ಚೆಂಡು ಯಾವ ಬಗೆಯದಿರಬೇಕು ಎಂಬುದನ್ನು ಅವನು ತೊಡೆಗಳ ನಡುವೆ ಬೆರಳು ತೋರಿಸಿ ಪಿಚರ್‌ಗೆ ಹೇಳುತ್ತಾನೆ. ಒಂದು ಬೆರಳು ಎಂದರೆ ನೇರ, ವೇಗದ ಚೆಂಡು. ಎರಡು ಎಂದರೆ ತಿರುವು. ಮೂರು ಎಂದರೆ ನಿಧಾನ. ನಮ್ಮ ತಂಡದಲ್ಲಿ ರೂಬೆನ್ ಪಿಚರ್, ತೇಜಸ್ ಕ್ಯಾಚರ್. ಇಬ್ಬರೂ ಹಾಲುಹಲ್ಲಿನ ವಯಸ್ಸಿನಿಂದ ಜೊತೆಗಾರರು.

ಮೂರು ವಾರದ ಹಿಂದೆ ಎದುರಾಳಿ ಹೊಡೆದ ಚೆಂಡು ನೇರ ಹಿಂದಕ್ಕೆ ಬಂದು ರೂಬೆನ್‌ನ ಎಡ ಹಣೆಗೆ ಬಡಿದಿತ್ತು. ತೆಂಗಿನಕಾಯಿ ಒಡೆದ ಸದ್ದು. ಅವತ್ತಿನಿಂದ ನಮ್ಮ ಮನೆಯಲ್ಲಿ ದೇವರಿಗೆ ಕಾಯಿ ಒಡೆಯುವ ಕೆಲಸ ರೇಖಾಳದ್ದು, ನನಗೆ ಕೈ ಏಳುವುದಿಲ್ಲ. ತಲೆಸುತ್ತು ಪೂರ್ತಿ ನಿಲ್ಲುವವರೆಗೆ ಆಡಬೇಡ ಎಂದು ಡಾಕ್ಟರು ಹೇಳಿದ್ದರು. ನಿಂತಿದೆ ಎಂದು ರೂಬೆನ್ ಹೇಳಿದ. ಇವತ್ತು ಅವನು ಮತ್ತೆ ಚೆಂಡು ಹಿಡಿಯುವ ಮೊದಲ ದಿನ. ಹೊರಡುವಾಗ ರೇಖಾ ಬಾಗಿಲಲ್ಲಿ ನಿಂತು ಕೇಳಿದ್ದಳು, "ಅಲ್ರೀ, ಹೆಲ್ಮೆಟ್ ಹಾಕ್ಕೊಂಡು ಬಾಲ್ ಎಸೆಯೋಕೆ ಆಗಲ್ವಾ ಆ ಹುಡುಗನಿಗೆ?" ಇಷ್ಟು ವರ್ಷದಲ್ಲಿ ಬೇಸ್‌ಬಾಲ್ ಬಗ್ಗೆ ನಾನು ಕೇಳಿದ ಅತ್ಯಂತ ಬುದ್ಧಿವಂತ ಪ್ರಶ್ನೆ ಅದು.

ಸಾಮಾನ್ಯವಾಗಿ ರೂಬೆನ್ ತನ್ನ ಹಳೆಯ ಕಾರಿನಲ್ಲಿ ತೇಜಸ್‌ನನ್ನು ಕರೆದೊಯ್ಯುತ್ತಾನೆ. ಕಾರು ಗ್ಯಾರೇಜಿನಲ್ಲಿದೆ ಎಂದ, ಹಾಗಾಗಿ ರೈಲು. ಪ್ಲಾಟ್‌ಫಾರ್ಮಿನ ಬೋರ್ಡಿನ ಕೆಳಗೇ ನಿಂತುಕೊಂಡು, "ಎಷ್ಟು ಹೊತ್ತಿಗೆ ಬರುತ್ತೆ ನಮ್ಮ ಟ್ರೈನು?" ಎಂದು ಅವನು ತೇಜಸ್‌ನನ್ನು ಡಚ್ಚಿನಲ್ಲಿ ಕೇಳಿದ್ದು ನನಗೆ ಈಗಲೂ ನೆನಪಿದೆ. ಇನ್ನೂ ನಿದ್ದೆಗಣ್ಣು ಎಂದುಕೊಂಡೆ. ಟೋಪಿಯನ್ನು ಎಡಗಣ್ಣು ಮುಚ್ಚುವಷ್ಟು ಓರೆಯಾಗಿ ಎಳೆದುಕೊಂಡಿದ್ದ. ಹುಡುಗರ ಸ್ಟೈಲು ನನಗೇನು ಗೊತ್ತು?

ರೈಲು ನ್ಯೂ ವೆನೆಪ್ ದಾಟಿತು. ಟ್ಯುಲಿಪ್ ಕಾಲ ಮುಗಿದು ಗೆಡ್ಡೆ ಕೀಳುವ ಕೆಲಸ ನಡೆಯುತ್ತಿದ್ದ ಹೊಲಗಳು ಬೋಳಾಗಿದ್ದವು. ಏಪ್ರಿಲಿನಲ್ಲಿ ಇದೇ ಕಿಟಕಿಗೆ ಮೂಗೊತ್ತುವ ಪ್ರವಾಸಿಗರು ಈಗ ಒಬ್ಬರೂ ಇರಲಿಲ್ಲ. ಡಬ್ಬಿ ಬಿಚ್ಚಿದೆ. ರೂಬೆನ್ ಚಿತ್ರಾನ್ನಕ್ಕೆ ಯಾವತ್ತೂ ಬೇಡ ಎಂದವನಲ್ಲ. ಅವತ್ತು ಎರಡು ಚಮಚ ತಿಂದು ಸಾಕು ಎಂದ.

ನನ್ನ ಹೆದರಿಕೆಗೆ ಮದ್ದು ಮಾತು. ಹಾಗಾಗಿ ಮಾರ್ಕ್ಸ್ ವಿಷಯ ತೆಗೆದೆ. ಋತುವಿನ ಅರ್ಧ ಮುಗಿದು ಬೇಸಿಗೆ ರಜೆ ಶುರುವಾಗುವ ಮುನ್ನ, ಕೊನೆಯ ಪಂದ್ಯದ ನಂತರ ಕ್ಯಾಂಟೀನಿನಲ್ಲಿ ನಾನು ಪ್ರತಿಯೊಬ್ಬ ಆಟಗಾರನಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ನಮ್ಮ ಕ್ಲಬ್ಬಿನಲ್ಲಿ ಸಂಪ್ರದಾಯವೇ ಆಗಿದೆ. ತಮಾಷೆಗೆ ಶುರುವಾಗಿದ್ದು. ಈಗ ಬೆಳೆದ ಗಂಡಸರು ಬಿಯರ್ ಗ್ಲಾಸ್ ಕೆಳಗಿಟ್ಟು ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಗೆ ಕಾಯುತ್ತಾರೆ.

"ಬಾಸ್‌ಗೆ ಐದೂವರೆ" ಎಂದೆ. ಬಾಸ್ ಕೊಳಾಯಿ ರಿಪೇರಿ ಮಾಡುವವನು, ಮೊದಲ ಬೇಸ್ ಕಾಯುತ್ತಾನೆ. ಇಲ್ಲಿನ ಶಾಲೆಗಳಲ್ಲಿ ಐದೂವರೆ ಬಂದರೆ ಪಾಸು, ಒಂದು ಕೂದಲೆಳೆಯಲ್ಲಿ. ಕೈಗೆ ಬಂದ ಚೆಂಡನ್ನು ಅವನು ಬಿಡುವುದಿಲ್ಲ, ಆದರೆ ಚೆಂಡು ಕೈಗೇ ಬರಬೇಕು, ಅವನು ಅದರ ಬಳಿಗೆ ಹೋಗುವುದಿಲ್ಲ. ಕುರಸಾವ್ ದ್ವೀಪದಿಂದ ಬಂದ ಪಿ.ಟಿ. ಮೇಷ್ಟ್ರು ಜೊವಾನಿಗೆ ಎಂಟೂವರೆ. ನೆಲ ತಾಗಿ ಬರುವ ಚೆಂಡನ್ನು ಅವನು ಎತ್ತಿ ಎಸೆಯುವುದನ್ನು ನೋಡಲೆಂದೇ ಚಳಿಯಲ್ಲಿ ಕೂರಬಹುದು. ಒಂಬತ್ತು ಕೊಡದಿರುವುದು ದೃಷ್ಟಿಯಾದೀತೆಂಬ ಭಯಕ್ಕೆ. ದಪ್ಪ ಡಿರ್ಕ್, ನಮ್ಮ ಎರಡನೇ ಕ್ಯಾಚರ್, ನಾಲ್ಕು. ಒಳ್ಳೆಯವನು, ಪಾಪ, ಆದರೆ ಕೂತರೆ ಏಳಲಾರ, ಎದ್ದರೆ ಕೂರಲಾರ.

ರೂಬೆನ್ ನಕ್ಕ. "ನನಗೆಷ್ಟು?" ಎಂದ.

"ಇವತ್ತಿನ ಆಟ ನೋಡಿ ಹೇಳ್ತೀನಿ."

"ಏಳಕ್ಕಿಂತ ಕಡಿಮೆ ಕೊಡಬೇಡಿ. ಮೇಲಿನ ಡಿವಿಜನ್ ಕೋಚ್ ಇವತ್ತು ನೋಡಲು ಬರುತ್ತಾರೆ. ಚೆನ್ನಾಗಿ ಎಸೆದರೆ ಮುಂದಿನ ವರ್ಷ ಅವರ ತಂಡಕ್ಕೆ."

ಅವನು ನಗುತ್ತಲೇ ಹೇಳಿದ. ತೇಜಸ್ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ. ಮಗನಿಗೆ ನಾನು ಯಾವತ್ತೂ ಅಂಕ ಕೊಟ್ಟವನಲ್ಲ. ಅವನು ಕೇಳಿದವನೂ ಅಲ್ಲ.

ಲೈಡನ್‌ನಲ್ಲಿ ಬದಲಾಯಿಸಿ ಹೇಗ್ ಸೆಂಟ್ರಲ್‌ಗೆ ಬಂದೆವು. ರೈಲಿನ ಯಂತ್ರಕ್ಕೆ ಕಾರ್ಡು ಮುಟ್ಟಿಸಿ ಹೊರಗೆ, ಟ್ರಾಮಿನ ಯಂತ್ರಕ್ಕೆ ಮುಟ್ಟಿಸಿ ಒಳಗೆ. ಒಂದನ್ನು ಮರೆತರೆ ದಂಡ ಬೀಳುತ್ತದೆಂದು ನಾನು ಹೆದರಿ ಎರಡೆರಡು ಸಲ ನೋಡುತ್ತೇನೆ. ಮೇಲಿನ ಪ್ಲಾಟ್‌ಫಾರ್ಮಿಗೆ ಹೋಗುವ ಎಸ್ಕಲೇಟರ್ ಬಳಿ ರೂಬೆನ್ ಕಾಲಿಡಲು ಹೋಗಿ ತಡವರಿಸಿದ. ತೇಜಸ್ ಅವನ ಮೊಣಕೈ ಹಿಡಿದು ಹತ್ತಿಸಿದ. "ಏನಾಯ್ತೋ?" ಎಂದೆ ಕನ್ನಡದಲ್ಲಿ.

"ಏನೂ ಇಲ್ಲಪ್ಪ. ಬ್ಯಾಗ್ ಹೆವಿ ಇದೆ ಅವನದು. ಪ್ಲೀಸ್, ನೀನು ಸ್ಟಾರ್ಟ್ ಮಾಡ್ಬೇಡ."

ಸ್ಟಾರ್ಟ್ ಮಾಡುವುದೆಂದರೆ ನನ್ನ ಹೆದರಿಕೆ ಹಚ್ಚುವುದು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ನಾನು, ತಣ್ಣನೆಯ ಹಾಲಿಗೂ ಹೆದರುತ್ತೇನೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಟ್ರಾಮು ಎತ್ತರದ ಹಳಿಯ ಮೇಲೆ ಅರ್ಧ ಗಂಟೆ ಓಡಿ, ಒಂದೇ ಅಚ್ಚಿನ ಮನೆಗಳ ಸಾಲುಗಳನ್ನು ದಾಟಿ ನಮ್ಮನ್ನು ಜೂಟರ್‌ಮೀರಿನಲ್ಲಿ ಇಳಿಸಿತು. ಹೂಫ್‌ಡಾರ್ಪಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಇಲ್ಲಿ ವಿಮಾನದ ಸದ್ದಿಲ್ಲ ಎನ್ನಬಹುದು. ಮೈದಾನಕ್ಕೆ ಕಾಲುವೆಯ ಪಕ್ಕದಲ್ಲಿ ಹದಿನೈದು ನಿಮಿಷ ನಡಿಗೆ. ಮೋಡ ಕವಿದು ತುಂತುರು ಶುರುವಾಗಿತ್ತು.

ನಮ್ಮ ಕೋಚ್ ಹೆಂಕ್, ಆರೂವರೆ ಅಡಿಯ ಮನುಷ್ಯ, ರೂಬೆನ್‌ನ ಎರಡೂ ಭುಜ ಹಿಡಿದು ಕೇಳಿದರು, "ತಲೆ ಹೇಗಿದೆ? ನಿಜ ಹೇಳು."

"ಸೂಪರ್" ಎಂದ ರೂಬೆನ್.

ಮೆಟ್ಟಿಲಿನಂಥ ಹಲಗೆಯ ಆಸನದಲ್ಲಿ, ಕ್ಯಾಚರ್‌ನ ಹಿಂದಿನ ಬಲೆಗೆ ಹತ್ತಿರವಾಗಿ ಕುಳಿತೆ. ಪಂದ್ಯ ಶುರುವಾಯಿತು. ತೇಜಸ್ ಕುಕ್ಕರಿಸಿದ. ಆಗ ಕೇಳಿಸಿತು.

"ಒಂದು!"

ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ರೂಬೆನ್ ವೇಗದ ಚೆಂಡು ಎಸೆದ. "ಎರಡು!" ಎಂದ ತೇಜಸ್. ಚೆಂಡು ತಿರುಗಿತು. ಬ್ಯಾಟ್ ಹಿಡಿದವನು ಹಿಂದೆ ತಿರುಗಿ, ಇವನೇನು ಮಂತ್ರ ಹೇಳುತ್ತಿದ್ದಾನೆ ಎನ್ನುವಂತೆ ನೋಡಿದ. ಡಚ್ಚರ ನೆಲದಲ್ಲಿ, ತುಂತುರು ಮಳೆಯಲ್ಲಿ, ಒಬ್ಬ ಡಚ್ ಹುಡುಗ ಕನ್ನಡ ಕೇಳಿ ಚೆಂಡೆಸೆಯುತ್ತಿದ್ದಾನೆ! ಆ ಕ್ಷಣ ನನ್ನ ಹೆದರಿಕೆ ಎಲ್ಲಿ ಹೋಯಿತೋ. ಇಲ್ಲಿಗೂ ಬಂದು ಪಕ್ಕದಲ್ಲಿ ಕೂತಿದ್ದ ನಾಯಿಯ ಮುದುಕರಿಗೆ ಎದೆಯುಬ್ಬಿಸಿ ಹೇಳಿದೆ, ಅದು ನಮ್ಮ ಭಾಷೆ. ಅವರಲ್ಲೊಬ್ಬರು ತಲೆದೂಗಿದರು. "ಜಾಣತನ. ಬೆರಳಿನ ಸನ್ನೆಯನ್ನು ಎರಡನೇ ಬೇಸ್‌ನಲ್ಲಿ ನಿಂತ ಎದುರಾಳಿ ನೋಡಿ ಕದಿಯಬಹುದು. ಈ ಭಾಷೆಯನ್ನು ಯಾರು ಕದಿಯುತ್ತಾರೆ?"

ಹೌದು ಎಂದು ನಕ್ಕೆ. ನಗುತ್ತಲೇ ಎರಡನೇ ಬೇಸ್ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಯಾವ ಬೇಸ್‌ನಲ್ಲೂ ಯಾರೂ ಇರಲಿಲ್ಲ.

ಕದಿಯುವವರೇ ಇಲ್ಲದಾಗ ಬೆರಳು ತೋರಿಸಿದರೆ ಸಾಕಲ್ಲ? ಬಾಯಲ್ಲಿ ಯಾಕೆ ಕೂಗುತ್ತಿದ್ದಾನೆ? ತೇಜಸ್‌ನ ಬಲಗೈ ನೋಡಿದೆ. ಅದು ತೊಡೆಗಳ ನಡುವೆ ಇರಲೇ ಇಲ್ಲ, ಬೆನ್ನ ಹಿಂದೆ ಮಡಿಸಿಟ್ಟಿದ್ದ. ಬೆರಳು ತೋರಿಸಿ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು. ಬೋರ್ಡು, ಎಸ್ಕಲೇಟರು, ಗ್ಯಾರೇಜಿನಲ್ಲಿದ್ದ ಕಾರು, ಎಡಗಣ್ಣಿನ ಮೇಲೆ ಎಳೆದ ಟೋಪಿ, ಎಲ್ಲ ಒಟ್ಟಿಗೆ ಕೂಡಿಬಂದವು. ಹದಿನೆಂಟು ಮೀಟರ್ ದೂರದ ಬೆರಳು ಕಾಣದವನಿಗೆ, ಬ್ಯಾಟಿನಿಂದ ಸಿಡಿದು ಬರುವ ಚೆಂಡು ಕಾಣುತ್ತದೆಯೇ?

ಎದ್ದು ಹೆಂಕ್ ಬಳಿ ಹೋಗಬೇಕು ಅನಿಸಿತು. ಏಳಲಿಲ್ಲ. ನನ್ನ ಊಹೆ ಸುಳ್ಳಾದರೆ? ನಿಜವಾದರೆ ಮಗ ನನ್ನನ್ನು ಕ್ಷಮಿಸುವನೇ? ಬಲೆಯಾಚೆ ಕೊಡೆ ಹಿಡಿದು ನಿಂತ ಅಪರಿಚಿತ, ಆ ಮೇಲಿನ ಡಿವಿಜನ್ ಕೋಚ್ ಇರಬೇಕು, ಮೆಚ್ಚುಗೆಯಿಂದ ನೋಡುತ್ತಿದ್ದ. ರೂಬೆನ್‌ನ ಕನಸು ಅಲ್ಲಿ ಕೊಡೆಯಡಿ ನಿಂತಿತ್ತು. ಪುಕ್ಕಲನೆಂದು ಹೆಸರು ಪಡೆದವನ ಕಷ್ಟ ಇದೇ. ಹೆದರಬೇಕಾದ ಹೊತ್ತು ನಿಜವಾಗಿ ಬಂದಾಗ ಅವನಿಗೆ ತನ್ನ ಹೆದರಿಕೆಯ ಮೇಲೇ ನಂಬಿಕೆ ಇರುವುದಿಲ್ಲ. ಎರಡು ಇನ್ನಿಂಗ್ಸ್ ನಾನು ಚಿತ್ರಾನ್ನದ ಖಾಲಿ ಡಬ್ಬಿ ಹಿಸುಕುತ್ತಾ ಕೂತೆ.

ಒಂಬತ್ತರಲ್ಲಿ ನಾಲ್ಕನೆಯ ಇನ್ನಿಂಗ್ಸ್‌ನಲ್ಲಿ ಎದುರಾಳಿಗಳ ಗಡ್ಡದ ಹುಡುಗ ಬ್ಯಾಟ್ ಬೀಸಿದ. ಚೆಂಡು ನೇರ ವಾಪಸ್ಸು ಹೋಗಿ ರೂಬೆನ್‌ನ ಕಿವಿಯ ಪಕ್ಕದಿಂದ ಹಾದುಹೋಯಿತು. ಯಾವ ಪಿಚರ್ ಆದರೂ ಕೈ ಎತ್ತುತ್ತಾನೆ, ಬಾಗುತ್ತಾನೆ, ಬೀಳುತ್ತಾನೆ. ರೂಬೆನ್ ಅಲ್ಲಾಡಲಿಲ್ಲ. ಚೆಂಡು ಹುಲ್ಲಿನಲ್ಲಿ ಉರುಳುತ್ತಿದ್ದಾಗ ತಲೆ ತಿರುಗಿಸಿದ. "ಏನು ಧೈರ್ಯ!" ಎಂದರು ನಾಯಿಯ ಮುದುಕರು.

ನನ್ನ ಜೀವ ಬಾಯಿಗೆ ಬಂದಿತ್ತು. ಬಾಯಿಗೆ ಬಂದದ್ದು ಕೂಗಾಗಿ ಹೊರಬಿತ್ತು.

"ತೇಜೂ! ಕಣ್ಣು ಕಾಣ್ತಿಲ್ಲ ಅಲ್ವೇನೋ ಅವನಿಗೆ?"

ಮೈದಾನವೆಲ್ಲ ನನ್ನ ಕಡೆ ತಿರುಗಿತು. ಒಬ್ಬರಿಗೂ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವನು ಒಬ್ಬನೇ, ಅವನು ನನಗೆ ಬೆನ್ನು ಹಾಕಿ ಕೂತಿದ್ದ.

"ಹೇಳಿಬಿಡು ಮಗಾ" ಎಂದೆ, ಈ ಸಲ ಮೆಲ್ಲಗೆ, ಬಲೆಗೆ ಬಾಯಿ ಹಚ್ಚಿ. "ಇಲ್ಲಾಂದ್ರೆ ನಾನು ಡಚ್ಚಲ್ಲಿ ಕೂಗ್ತೀನಿ."

ಅವನು ಎದ್ದು ಮುಖವಾಡ ತೆಗೆದ. ಮುಖ ಒದ್ದೆಯಾಗಿತ್ತು, ಮಳೆಯೋ ಬೆವರೋ ಅಳುವೋ ನಾನು ಕೇಳಲಿಲ್ಲ. ರೂಬೆನ್ ಬಳಿಗೆ ಹೋಗಲಿಲ್ಲ. ನೇರ ಹೆಂಕ್ ಬಳಿ ಹೋದ. ಹೆಂಕ್ ಬಗ್ಗಿ ಕಿವಿಕೊಟ್ಟರು, ಮೈದಾನಕ್ಕೆ ನಡೆದು ರೂಬೆನ್‌ನ ಟೋಪಿ ತೆಗೆದು ಕಣ್ಣು ನೋಡಿದರು, ತೋಳು ಹಿಡಿದು ಹೊರಗೆ ಕರೆತಂದರು. ಕೊಡೆಯ ಮನುಷ್ಯ ಯಾವಾಗ ಹೋದನೋ ಗೊತ್ತಾಗಲಿಲ್ಲ.

ಹೆಂಕ್ ಡಾಕ್ಟರಿಗೆ ಫೋನ್ ಮಾಡಿದರು. ಇವತ್ತೇ ತೋರಿಸಬೇಕು, ಒಬ್ಬನನ್ನೇ ಬಿಡಬೇಡಿ ಎಂದರಂತೆ. ಕಾರೆಂದರೆ ವಾಂತಿ ಬರುತ್ತದೆ, ಅಮ್ಮ ಇರುವ ಕಡೆಯೇ ಹೋಗುತ್ತೇನೆ ಎಂದು ರೂಬೆನ್ ಹಟ ಹಿಡಿದ. ಅವನಮ್ಮ ಹೂಫ್‌ಡಾರ್ಪ್ ಸ್ಟೇಷನ್ನಿಗೆ ಬಂದು ಆಸ್ಪತ್ರೆಗೆ ಕರೆದೊಯ್ಯುವುದೆಂದಾಯಿತು. ತೇಜಸ್ ಪ್ಯಾಡು ಬಿಚ್ಚಿ ಡಿರ್ಕ್‌ಗೆ ಕೊಟ್ಟ. ನಾವು ಮೂವರು ಬಂದ ದಾರಿಯಲ್ಲೇ ಕಾಲುವೆಯ ಪಕ್ಕ ನಡೆದೆವು, ಈ ಸಲ ರೂಬೆನ್ ನಡುವೆ.

ಹೇಗ್‌ನಲ್ಲಿ ರೈಲು ಹತ್ತಿದಾಗ ತೇಜಸ್‌ನ ಫೋನಿಗೆ ಸುದ್ದಿ ಬಂತು, ಹನ್ನೊಂದು ಎರಡರಿಂದ ಸೋತಿದ್ದೆವು. ಅವನು ಅದನ್ನು ಓದಿ ಫೋನು ಮಗುಚಿಟ್ಟ.

"ಪ್ರಾಮಿಸ್ ಮಾಡಿದ್ದೆ ಅಪ್ಪ, ಯಾರಿಗೂ ಹೇಳಲ್ಲ ಅಂತ" ಎಂದ. "ಒಂದೇ ಮ್ಯಾಚು ಅಂದ. ನಾನು ಕೂಗಿದ್ರೆ ಮ್ಯಾನೇಜ್ ಆಗುತ್ತೆ ಅನ್ಕೊಂಡ್ವಿ."

ಬೈಯಲು ಬಾಯಿ ತೆರೆದೆ. ಅವನು ಮತ್ತೆ ಮತ್ತೆ ರೂಬೆನ್‌ನ ಕಣ್ಣುಗಳನ್ನೇ ನೋಡುತ್ತಿರುವುದು ಕಂಡು ಮುಚ್ಚಿದೆ. ನನ್ನ ಮಗ ನನ್ನಂತೆ ಹೆದರುವುದನ್ನು ನಾನು ನೋಡಿದ್ದು ಅದೇ ಮೊದಲು. ಅದನ್ನು ನೋಡಬಾರದಿತ್ತು ಅನಿಸಿತು.

ಲೈಡನ್ ದಾಟಿದ ಮೇಲೆ ರೂಬೆನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಎಡ ಹಣೆಯ ಮೇಲೆ ಹಳದಿಯಾದ ಕಲೆ ಇನ್ನೂ ಇತ್ತು. "ನನ್ನ ಮಾರ್ಕ್ಸು?" ಎಂದು ನನ್ನನ್ನು ಕೇಳಿದ, ನಗಲು ಯತ್ನಿಸುತ್ತಾ.

"ರಜೆ ಮುಗಿಯಲಿ. ಆಮೇಲೆ ಕೊಡ್ತೀನಿ."

ಎದುರು ಸೀಟಿನಲ್ಲಿದ್ದ ತೇಜಸ್ ಆಗ ಕೈ ಎತ್ತಿ, ಏನೂ ಹೇಳದೆ, ಎರಡು ಬೆರಳು ತೋರಿಸಿದ. ಒಂದು ಮಾರು ದೂರವೂ ಇರಲಿಲ್ಲ. ರೂಬೆನ್ ಆ ಬೆರಳುಗಳನ್ನೇ ನೋಡಿದ. ತಲೆ ಓರೆ ಮಾಡಿ ನೋಡಿದ, ಒಳಗೊಳಗೇ ಎಣಿಸುವವನಂತೆ ತುಟಿ ಅಲ್ಲಾಡಿಸಿದ. ಒಂದು, ಎರಡು, ಮೂರು, ತೇಜಸ್ ಅವನಿಗೆ ಕಲಿಸಿದ್ದು ಅಷ್ಟೇ. ಕೊನೆಗೆ ನನ್ನ ಕಡೆ ತಿರುಗಿ ಕೇಳಿದ,

"ನಿಮ್ಮ ಭಾಷೆಯಲ್ಲಿ ಮೂರಾದ ಮೇಲೆ ಏನು ಬರುತ್ತೆ?"

"ನಾಲ್ಕು" ಎಂದೆ.

"ನಾಲ್ಕು" ಎಂದ ರೂಬೆನ್, ಆ ಎರಡು ಬೆರಳುಗಳನ್ನು ಎಣಿಸಿ ಸರಿಯಾದ ಉತ್ತರ ಸಿಕ್ಕಿದವನ ಹಾಗೆ. ತೇಜಸ್ ಕೈ ಇಳಿಸಲಿಲ್ಲ. ನಾನೇ ಹಿಡಿದು ಇಳಿಸಿದೆ, ಹೂಫ್‌ಡಾರ್ಪ್ ಬರುವವರೆಗೂ ಬಿಡಲಿಲ್ಲ.