ಮೀನಿನ ತೊಟ್ಟಿಗೆ ಹಾಕಿದ ಉಪ್ಪು

ಒದ್ದೆ ಗೋಣಿಚೀಲ, ಅದರೊಳಗೆ ನೀರೊಡೆದ ಕಲ್ಲುಪ್ಪು. ಆ ವಾಸನೆ ಎಲ್ಲಿ ಬಂದರೂ ನನಗೆ ಆಲ್ದೂರಿನ ನಮ್ಮ ದಿನಸಿ ಅಂಗಡಿ, ಅದರ ಹಿಂದಿನ ಮನೆ, ಆ ಮನೆಯ ಅನುಮಾನಗಳೆಲ್ಲ ಒಟ್ಟಿಗೆ ನೆನಪಾಗುತ್ತವೆ. ಅನುಮಾನಪಡುವುದರಲ್ಲಿ ನಮ್ಮಜ್ಜಿಯನ್ನು ಮೀರಿಸಿದವರಿರಲಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಜಾಸ್ತಿಯೇ ಬೆರೆಸಿದ್ದಾನೆ. ಇಂಥವರ ಮನೆಗೆ, ಲಿಂಗಪೂಜೆ ಆಗದೆ ಒಲೆ ಹಚ್ಚದ ಮನೆಗೆ, ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ ನನ್ನ ಚಿಕ್ಕಪ್ಪ ಚಿಕ್ಕಮಗಳೂರಿನಿಂದ ಒಂದು ಗಾಜಿನ ತೊಟ್ಟಿಯನ್ನೂ ಬಂಗಾರದ ಬಣ್ಣದ ಮೀನುಗಳನ್ನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ವಾಸನೆಯೇನೂ ಬರುತ್ತಿರಲಿಲ್ಲ, ಆದರೂ ಮುಚ್ಚಿಕೊಂಡರು.

ಮಳೆಗಾಲ ಹಿಡಿದು ನೀರು ತಣ್ಣಗಾದ ಮೇಲೆ ಮೀನುಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳೆದ್ದವು. ಉಪ್ಪು ಹಾಕಿದರೆ ಹೋಗುತ್ತದೆ ಎಂದು ಮೀನು ಮಾರಿದವನು ಹೇಳಿದ್ದನಂತೆ. ಚಿಕ್ಕಪ್ಪ ಅಂಗಡಿಯ ಚೀಲದಿಂದ ಕಲ್ಲುಪ್ಪು ತಂದು, ಚೊಂಬಿನಲ್ಲಿ ಕರಗಿಸಿ, ಇಷ್ಟಿಷ್ಟೇ ತೊಟ್ಟಿಗೆ ಸುರಿಯತೊಡಗಿದರು. ಅಜ್ಜಿ ಉಪ್ಪನ್ನೂ ಮೀನನ್ನೂ ಒಟ್ಟಿಗೆ ಕಂಡದ್ದು ಸಂತೆಯ ಒಣಮೀನಿನ ಸಾಲಿನಲ್ಲಿ ಮಾತ್ರ. ನಾವು ಉಸಿರು ಬಿಗಿಹಿಡಿದು ದಾಟುತ್ತಿದ್ದ ಸಾಲು ಅದು. "ಮೀನಿಗೆ ಉಪ್ಪು ಯಾತಕ್ಕೆ ಹಾಕ್ತಾರೆ ಅಂತ ನಂಗೊತ್ತಿಲ್ವಾ ಮಾರಾಯ್ತಿ" ಎಂದು ಅಮ್ಮನ ಕಿವಿಯಲ್ಲಿ ಹೇಳಿದರು. ಅಂದಿನಿಂದ ಚಿಕ್ಕಪ್ಪ ಹತ್ತಿರ ಬಂದರೆ ಮೂಸಿ ನೋಡುವುದು, ಅವರ ತಟ್ಟೆಯನ್ನು ಬೇರೆಯಾಗಿ ತೊಳೆಯಿಸುವುದು, ಬೆಳಗೆದ್ದು ತೊಟ್ಟಿಯಲ್ಲಿ ಮೀನು ಕಡಿಮೆಯಾಗಿವೆಯೇ ಎಂದು ಇಣುಕುವುದು ಶುರುವಾಯಿತು.

ಒಂದು ಬೆಳಗ್ಗೆ ಕಡಿಮೆಯಾಗಿಯೇಬಿಟ್ಟಿತು. ಮಧ್ಯಾಹ್ನ ಊಟಕ್ಕೆ ಕೂತ ಮಗನನ್ನು ಅಜ್ಜಿ ಸೌಟು ಹಿಡಿದುಕೊಂಡೇ ಕೇಳಿದರು. "ತಿಂದ್ಯಾ?" ಚಿಕ್ಕಪ್ಪ ತಾಯಿಯ ಮುಖವನ್ನೇ ನೋಡಿದರು. ಉತ್ತರ ಕೊಡದೆ ಕೈ ತೊಳೆದು ಎದ್ದುಹೋದರು. ಅಜ್ಜಿ ಅದನ್ನು ಒಪ್ಪಿಗೆ ಎಂದೇ ತಿಳಿದರು. ಆದರೆ ಸತ್ತ ಮೀನನ್ನು ಚಿಕ್ಕಪ್ಪ ದಾಸವಾಳದ ಬುಡದಲ್ಲಿ ಹೂತದ್ದನ್ನು ನಾನು ಕಂಡಿದ್ದೆ. ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಮಣ್ಣು ಕೆದಕಿ ತೋರಿಸಿದೆ. ಚುಕ್ಕೆ ತುಂಬಿದ ಆ ಪುಟ್ಟ ಮೈಯನ್ನು ಕಂಡು ಅವರ ಮುಖ ಸಣ್ಣದಾಯಿತು. "ಹುಷಾರಿರ್ಲಿಲ್ವಾ ಇದಕ್ಕೆ? ಉಪ್ಪು ಮದ್ದಾ?" ಎಂದರು. ಹೌದೆಂದೆ.

ಆ ಸಂಜೆ ಚಿಕ್ಕಪ್ಪ ವ್ಯಾಪಾರದಲ್ಲಿದ್ದಾಗ ಅಜ್ಜಿ ಮಡಿಲಲ್ಲಿ ಉಪ್ಪು ತಂದು ಬೊಗಸೆ ಬೊಗಸೆಯಾಗಿ ತೊಟ್ಟಿಗೆ ಹಾಕಿದರು. "ಅವ್ನು ಕೈ ಹಿಡ್ದು ಹಾಕ್ತಾನೆ. ಬೇಗ ವಾಸಿ ಆಗ್ಲಿ" ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ಬೆಳಗಾಗುವಷ್ಟರಲ್ಲಿ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತಳದಲ್ಲಿ ಇನ್ನೂ ಕರಗದ ಉಪ್ಪಿತ್ತು. "ಅವ್ವ, ಬೇಕಂತ್ಲೇ ಹಾಕ್ದ್ಯಾ?" ಎಂದರು ಚಿಕ್ಕಪ್ಪ. ಈ ಸಲ ಉತ್ತರ ಕೊಡದೆ ಒಳಗೆ ಹೋದದ್ದು ಅಜ್ಜಿ. ನಾನು ಚಿಕ್ಕಪ್ಪನ ಹಿಂದೆಯೇ ಅಂಗಡಿಗೆ ಓಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನ ತಲೆ ಸವರಿ, "ನಿಂಗೆ ಹಾಗೇ ಹೇಳಿರ್ತಾಳೆ, ಪುಟ್ಟಿ" ಎಂದರು.

ಮುಂದೆ ಚಿಕ್ಕಪ್ಪ ಮದುವೆಯಾಗಿ ಅದೇ ಊರಿನಲ್ಲಿ ಬೇರೆ ಮನೆ ಮಾಡಿದರು. ಹಬ್ಬಕ್ಕೆ ಬಂದರೂ ಕಾಫಿ ಕುಡಿದು ಎದ್ದುಬಿಡುತ್ತಿದ್ದರು, ತಾಯಿ ಬಡಿಸಿದ ಊಟಕ್ಕೆ ಮತ್ತೆ ಕೂರಲಿಲ್ಲ. ಅಜ್ಜಿ ಕರೆಯಲೂ ಇಲ್ಲ, ಅವರ ಪಾಲಿನ ಹೋಳಿಗೆ ತೆಗೆದಿಡುವುದನ್ನು ಬಿಡಲೂ ಇಲ್ಲ. ಈಗ ಆ ಅಂಗಡಿಯಿಲ್ಲ, ಮನೆಯಿಲ್ಲ, ಅವರಿಬ್ಬರೂ ಇಲ್ಲ. ನಿಮ್ಮ ಮನೆಗಳಲ್ಲೂ ಇಂಥವರಿದ್ದಿರಬಹುದು, ಒಂದೇ ಒಂದು ಮಾತಾಡಿದ್ದರೆ ಸರಿಹೋಗುತ್ತಿದ್ದವರು. ಅಜ್ಜಿ ಆ ಸಂಜೆ ಹೇಳಿದ್ದಕ್ಕೆ ಸಾಕ್ಷಿಯಾಗಿ ನಾನೊಬ್ಬಳೇ ಉಳಿದಿದ್ದೇನೆ. ಅವರ ಮೊಮ್ಮಗಳಲ್ಲವೇ, ನನಗೂ ಒಮ್ಮೊಮ್ಮೆ ಸಂಶಯ ಬರುತ್ತದೆ. ನಿಜವಾಗಿ ವಾಸಿಯಾಗಲಿ ಎಂದೇ ಹಾಕಿದರೇ? ಆದರೆ ನಾನೂ ನಂಬದಿದ್ದರೆ ಅಜ್ಜಿಗೆ ಇನ್ಯಾರೂ ಇಲ್ಲ.