ಫಿಲೊಮಿನಮ್ಮನ ಅರಿಶಿನ ಹಚ್ಚಿದ ಮತ

ಅಕ್ಷರ ದುಂಡಗಿಲ್ಲ, ಮಾತೂ ಅಲ್ಲಲ್ಲಿ ತಡವರಿಸೀತು. ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳ ಕೈ ಇದು. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇಲ್ಲಿರುವ ಬದುಕು ಮಾತ್ರ ದೊಡ್ಡದು.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದ ಯೂನಿಯನ್ ಸಿಟಿಯ ಫಿಲೊಮಿನಾ ಸಿಲ್ವೇರಾ ಅವರಿಗೆ ಈ ಆಗಸ್ಟಿನಲ್ಲಿ ನೂರು ತುಂಬಿತು. ಅವರು ಹುಟ್ಟಿದಾಗ ಊರಿಗೆ ಈ ಹೆಸರೇ ಇರಲಿಲ್ಲ, ಸುತ್ತ ಹಣ್ಣಿನ ತೋಟಗಳಿದ್ದವು. ೧೯೦೬ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಉರಿದಾಗ ಕೊಲ್ಲಿಯಾಚೆಯ ಆಕಾಶ ಕೆಂಪಾದದ್ದನ್ನು ಅಂಗಳದಲ್ಲಿ ನಿಂತು ನೋಡಿದರು. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಏಪ್ರಿಕಾಟಿನ ಬೀಜ ತೆಗೆದರು. ಒಂದು ಮಹಾಯುದ್ಧಕ್ಕೆ ತಮ್ಮ ಹೋದ, ಇನ್ನೊಂದಕ್ಕೆ ಮಗ. ಮಗ ಮರಳಿ ಬಂದ, ತಮ್ಮ ಬರಲಿಲ್ಲ. ತೋಟಗಳು ಹೋಗಿ ಮನೆಗಳೆದ್ದವು, ರೈಲು ಬಂತು. ಇಷ್ಟರ ನಡುವೆ, ಅಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಕ್ಕ ಮರುವರ್ಷ, ೧೯೧೨ರಲ್ಲಿ ಮೊದಲ ಸಲ ಮತ ಹಾಕಿದವರು ಆಮೇಲೆ ಒಂದು ಚುನಾವಣೆಯನ್ನೂ ತಪ್ಪಿಸಲಿಲ್ಲ.

ಇವತ್ತು, ೧೯೮೪ರ ನವೆಂಬರಿನ ಚುನಾವಣೆಯ ದಿನ, ಅದು ತಪ್ಪುವುದರಲ್ಲಿತ್ತು.

ಮೊಣಕಾಲು ಸೋತಿದ್ದರಿಂದ ಅವರು ಮತಪತ್ರವನ್ನು ಅಂಚೆಯಲ್ಲಿ ತರಿಸಿಕೊಂಡು, ಗುರುತು ಹಾಕಿ ಮೇಜಿನ ಮೇಲಿಟ್ಟಿದ್ದರು. ಸಂಜೆ ಮೊಮ್ಮಗ ಬಂದು ಅದನ್ನು ಮತಗಟ್ಟೆಗೆ ಒಯ್ಯುವವನಿದ್ದ. ಮಧ್ಯಾಹ್ನ ಪಕ್ಕದ ಮನೆಯ ಮೈಸೂರಿನ ಸತ್ಯವತಿ, ಮಗಳು ವಸುಧಾಳೊಂದಿಗೆ ಸಾರು ಕೊಡಲು ಬಂದರು. ಅಜ್ಜಿ ತೂಕಡಿಸುತ್ತಿದ್ದರು. ನೂರು ತುಂಬಿದವರ ಮತ, ಹಾಗೇ ಬರಿದಾಗಿ ಕಳಿಸುವುದೇ? ಸತ್ಯವತಿ ಮನೆಗೆ ಹೋಗಿ ಅರಿಶಿನದ ಬಟ್ಟಲು ತಂದು, ಲಗ್ನಪತ್ರಿಕೆಗೆ ಹಚ್ಚುವಂತೆ ಮತಪತ್ರದ ನಾಲ್ಕು ಮೂಲೆಗೂ ಹಚ್ಚಿಬಿಟ್ಟರು.

ವಸುಧಾ ಹಾಳೆಯ ಹಿಂಬದಿ ಓದಿದಳು. “ಅಮ್ಮಾ, ಬೇರೆ ಯಾವ ಮಾರ್ಕೂ ಇರಬಾರ್ದಂತೆ. ಕ್ಯಾನ್ಸಲ್ ಆಗತ್ತೆ!”

“ಅಯ್ಯೋ, ಒಳ್ಳೇದಾಗ್ಲಿ ಅಂತ ಹಚ್ಚಿದ್ನಲ್ಲೇ!”

ಒರೆಸಿದಷ್ಟೂ ಹಳದಿ ಹರಡಿತು. ಎಚ್ಚರಗೊಂಡ ಫಿಲೊಮಿನಮ್ಮ ಹಾಳೆಯನ್ನು ನೋಡಿ, ಲಗ್ನಪತ್ರಿಕೆಯ ಅರಿಶಿನದ ಕತೆ ಕೇಳಿದರು, ಮುಖ ಚಿಕ್ಕದಾಯಿತು. ಫೋನೆಂದರೆ ಹೆದರುವ ವಸುಧಾ ಚುನಾವಣಾ ಕಚೇರಿಗೆ ಎರಡು ಸಲ ಫೋನ್ ಮಾಡಿ ವಿಚಾರಿಸಿದಳು.

“ಇದನ್ನ ವಾಪಸ್ ಕೊಟ್ರೆ ಬೇರೆ ಕೊಡ್ತಾರಂತೆ. ಆದ್ರೆ ನೀವೇ ಬರಬೇಕಂತೆ. ಮತಗಟ್ಟೆ ಮುಂದಿನ ಬೀದೀಲಿ, ಒಬ್ಬರ ಮನೆ ಗ್ಯಾರೇಜಲ್ಲಿ ಇದೆಯಂತೆ.”

“ಮೊದಲ ಸಲ ನಾಲ್ಕು ಮೈಲಿ ನಡೆದಿದ್ದೆ,” ಎಂದರು ಅಜ್ಜಿ. “ಒಲೆ ಮೇಲಿನ ಅಡುಗೆ ಸೀಯುತ್ತೆ, ಮನೆಗೆ ಹೋಗು ಅಂದ ಒಬ್ಬ. ಸೀದರೆ ನಿನಗೇ ಬಡಿಸ್ತೀನಿ ಅಂದೆ. ಕೋಟು ಕೊಡು.”

ಸತ್ಯವತಿ ಕಾರು ತಂದರು. ಗ್ಯಾರೇಜಿನಿಂದ ಅಧಿಕಾರಿ ಓಡಿ ಬಂದು, “ಕಾರಿಗೇ ತಂದುಕೊಡ್ತೀವಿ, ಅಮ್ಮಾ,” ಎಂದ.

“ನಾನೇನು ಕಾರಲ್ಲೇ ಕೂತು ಹ್ಯಾಂಬರ್ಗರ್ ಕೊಳ್ಳೋಕೆ ಬಂದಿಲ್ಲ.”

ಇಪ್ಪತ್ತು ಹೆಜ್ಜೆಗೆ ಹತ್ತು ನಿಮಿಷ ಹಿಡಿಯಿತು. ಒಂದು ಕಡೆ ತಾಯಿ, ಇನ್ನೊಂದು ಕಡೆ ಮಗಳು. ಹಳೆಯ ಹಾಳೆ ನೋಡಿ ಅಧಿಕಾರಿ ಹುಬ್ಬೇರಿಸಿದ. “ಇದೇನಿದು?”

“ನಮ್ಮ ಪಕ್ಕದ ಮನೆಯವಳು ನನ್ನ ಮತಕ್ಕೆ ಮದುವೆ ಮಾಡಿಸಿದಳು,” ಎಂದರು ಫಿಲೊಮಿನಮ್ಮ. ಸತ್ಯವತಿ ತಲೆ ತಗ್ಗಿಸಿಯೇ ನಕ್ಕರು.

ಹೊಸ ಹಾಳೆಗೆ ಅಜ್ಜಿ ಒಬ್ಬರೇ ಗುರುತು ಹಾಕಿ ಪೆಟ್ಟಿಗೆಗೆ ಬಿಟ್ಟರು. ಮನೆಗೆ ಬಂದು ಸಾರನ್ನು ಎರಡು ಸಲ ಹಾಕಿಸಿಕೊಂಡರು.

“ಅಧ್ಯಕ್ಷ ಯಾರಂತ ಟಿವಿಯವರು ಕೂಗ್ತಾರೆ. ನನಗೆ ನಮ್ಮೂರಿಗೆ ನೀರು ಬಿಡೋ ಬೋರ್ಡಿಗೆ ಯಾರು ಗೆದ್ದರು ಅನ್ನೋದು ಬೇಕು.”

ನಾಳೆ ಬೆಳಿಗ್ಗೆ ವಸುಧಾ ಪತ್ರಿಕೆ ಕೊಂಡು ತಂದು ಅವರಿಗೆ ಫಲಿತಾಂಶ ಓದಿ ಹೇಳುತ್ತಾಳೆ.